ಹದಿನೆಂಟು ವರ್ಷದ ಪಂಡಿತ

ಹೂವಿನ ಹಿಪ್ಪರಗಿಯಂಥ ಊರಿಗೆ ಜಾತ್ರೆಗೋ ಮದುವೆಗೋ ಬೆಂಗಳೂರಿನಿಂದ, ದುಬೈನಿಂದ ಬಂದಿಳಿಯುವವರಲ್ಲಿ ಒಬ್ಬನಾದರೂ ಸ್ಕಾಚ್ ಪಂಡಿತ ಇದ್ದೇ ಇರುತ್ತಾನೆ. ವಿಮಾನ ನಿಲ್ದಾಣದಲ್ಲಿ ಸುಂಕವಿಲ್ಲದೆ ಬಿಡುವುದು ತಲೆಗೆ 2 ಲೀಟರ್. ಪಾಂಡಿತ್ಯದ ಅಳತೆಯೂ ಸುಮಾರು ಅಷ್ಟೇ. ಬಾಟಲಿಗಿಂತ ಮೊದಲು ಡಬ್ಬಿ ಹೊರಬರುತ್ತದೆ, ಡಬ್ಬಿಗಿಂತ ಮೊದಲು ಅದರ ವಯಸ್ಸು. ಗ್ಲಾಸಿನೊಳಗೆ ಮೂಗು ಇಳಿಸಿ, ಕಣ್ಣು ಮುಚ್ಚಿ, ಒಣದ್ರಾಕ್ಷಿಯ ವಾಸನೆ ಬಂತೆಂದು ಸಾರುತ್ತಾನೆ. ದ್ರಾಕ್ಷಿ ಒಣಗಿಸುವ ಶೆಡ್ಡುಗಳಿರುವ ವಿಜಯಪುರ ಜಿಲ್ಲೆಯಲ್ಲಿ ಹುಟ್ಟಿ, ಒಣದ್ರಾಕ್ಷಿಯ ಗುರುತು ಹಿಡಿಯಲು ಇಷ್ಟು ದುಡ್ಡು ಸುರಿದವನನ್ನು ಮೆಚ್ಚಲೇಬೇಕು. ಅಷ್ಟರಲ್ಲಿ ಕಾಕಾನ ಕೈ ತಂಬಿಗಿಯ ಕಡೆ ಹೋಗುತ್ತದೆ. “ಕಾಕಾ, ನೀರ್ ಹಾಕಬ್ಯಾಡ್ರಿ! ಹದಿನೆಂಟು ವರ್ಷದ್ದು ಅದರಿ, ಹಾಳಾಗ್ತದ!”

ನೀರಿನಿಂದ ಹಾಳಾಗುವುದೇ ನಿಜವಾದರೆ, ಅದು ಸ್ಕಾಟ್ಲೆಂಡಿನಲ್ಲೇ ಹಾಳಾಗಿ ಬಂದಿದೆ. ಅಲ್ಲಿ ಪೀಪಾಯಿಗೆ ತುಂಬುವ ಮದ್ಯದ ಬಲ ಸಾಮಾನ್ಯವಾಗಿ ಶೇ. 63.5. ಪಂಡಿತನ ಬಾಟಲಿಯ ಮೇಲಿರುವುದು ಶೇ. 40, ಅದಕ್ಕಿಂತ ಕಡಿಮೆಯಾದರೆ ಸ್ಕಾಚ್ ಎಂದು ಮಾರಲು ಅಲ್ಲಿನ ಕಾನೂನು ಬಿಡುವುದಿಲ್ಲ. ಎಂದರೆ ಇಳಿಸಬಹುದಾದಷ್ಟನ್ನೂ ಇಳಿಸಿ ಆಗಿದೆ. ನಮ್ಮ ಎಂಎಸ್‌ಐಎಲ್ ಅಂಗಡಿಯ ಬಡ ಕ್ವಾರ್ಟರಿನ ಮೇಲೆ ಶೇ. 42.8 ಎಂದು ಅಚ್ಚಾಗಿರುತ್ತದೆ. ಬರೀ ಬಲವೇ ದೊಡ್ಡಸ್ತಿಕೆಯಾಗಿದ್ದರೆ, ಪಂಡಿತನೇ ಎದ್ದು ನಿಂತು ಕಾಕಾನ ಕ್ವಾರ್ಟರಿಗೆ ಕೈ ಮುಗಿಯಬೇಕಿತ್ತು.

ಪಂಡಿತ ಇಷ್ಟಕ್ಕೆ ಸೋಲುವುದಿಲ್ಲ. ವಯಸ್ಸಾದಂತೆ ಬಲ ತಾನೇ ಇಳಿಯುತ್ತದೆ, ಮನುಷ್ಯರಿಗೂ ಹಾಗೇ ಅಲ್ಲವೇ ಎನ್ನುತ್ತಾನೆ. ಮಾತಿನಲ್ಲಿ ಹುರುಳಿದೆ. ಸ್ಕಾಟ್ಲೆಂಡಿನ ತಂಪು, ತೇವದ ಗೋದಾಮಿನಲ್ಲಿ ನೀರಿಗಿಂತ ಆಲ್ಕೋಹಾಲೇ ಹೆಚ್ಚು ಆವಿಯಾಗಿ ಹೋಗುತ್ತದೆ. ನಾಲ್ಕೈದು ದಶಕ ಮಲಗಿದ ಕೆಲವು ಪೀಪಾಯಿಗಳು 40ರ ಗಡಿ ದಾಟಿ ಕೆಳಗಿಳಿಯುವುದೂ ಉಂಟು. ಆದರೆ ಹದಿನೆಂಟಕ್ಕೆ ಯಾವ ಮುಪ್ಪು? ಆ ವಯಸ್ಸಿನ ಪೀಪಾಯಿಯಲ್ಲಿ ಬಲ ಸಾಮಾನ್ಯವಾಗಿ 50ರ ಮೇಲೆಯೇ ಇರುತ್ತದೆ. ಉಳಿದದ್ದನ್ನು ಇಳಿಸುವುದು ಕಾರ್ಖಾನೆಯ ನೀರು. ಬ್ರಿಟನ್ನಿನಲ್ಲಿ ಸುಂಕ ಬೀಳುವುದು ಆಲ್ಕೋಹಾಲಿನ ಪ್ರಮಾಣದ ಮೇಲೆ, ನೀರಿಗೆ ಸುಂಕವಿಲ್ಲ.

ಕಂಪನಿಯವರು ಅಳೆದು ತೂಗಿ ಹಾಕುತ್ತಾರೆ, ಕಾಕಾ ತಂಬಿಗಿ ಬಗ್ಗಿಸುತ್ತಾನೆ ಎಂಬುದು ಅವನ ಕೊನೆಯ ಬಾಣ. ತಂಬಿಗಿಯ ವಿಷಯ ಒಪ್ಪಿಕೊಳ್ಳೋಣ, ಕಾಕಾನ ಕೈ ಸ್ವಲ್ಪ ಧಾರಾಳ. ಆದರೆ ಆಗ ಜಗಳ ಪ್ರಮಾಣದ್ದಾಯಿತು, ನೀರಿನದಲ್ಲ. 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ, ನೀರು ಬೆರೆತಾಗ ಹೊಗೆಯ ವಾಸನೆಯ ಗ್ವಾಯಕಾಲ್ ಎಂಬ ವಸ್ತು ಮೇಲ್ಮೈಗೆ, ಅಂದರೆ ಮೂಗಿನ ಹತ್ತಿರಕ್ಕೆ, ಬರುತ್ತದೆಂದು ತೋರಿಸಿದರು. ಮೂಸಿಯೇ ಸಂಬಳ ಎಣಿಸುವ ಸ್ಕಾಟ್ಲೆಂಡಿನ ಬ್ಲೆಂಡರುಗಳು ಬಲವನ್ನು ಶೇ. 20ರ ಸುಮಾರಿಗೆ ಇಳಿಸಿಕೊಂಡು ಮೂಸುವುದು ರೂಢಿ. ಅವರ ಪಂಕ್ತಿಯಲ್ಲಿ ಕೂರಿಸಬೇಕಾದರೆ ಕಾಕಾನನ್ನೇ ಕೂರಿಸಬೇಕು.

ರುಚಿಯೇ ಬೇಕಿದ್ದರೆ ಪಂಡಿತ ಬಲ ಹೆಚ್ಚಿರುವುದನ್ನು ತಂದು, ನೀರನ್ನು ತಾನೇ ಚಮಚದಲ್ಲಿ ಸೇರಿಸಿ ಹೋಲಿಸಿ ನೋಡಬಹುದು. ಅದಕ್ಕೆ ದುಬೈವರೆಗೂ ಹೋಗಬೇಕಿಲ್ಲ. ಬೆಂಗಳೂರಿನ ಅಮೃತ್ ಕಂಪನಿಯ ಫ್ಯೂಷನ್ ಶೇ. 50ರದು, 2010ರ ತನ್ನ ವಿಸ್ಕಿ ಪುಸ್ತಕದಲ್ಲಿ ವಿಮರ್ಶಕ ಜಿಮ್ ಮರೆ ಅದಕ್ಕೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟಿದ್ದ. ಆದರೆ ಅದರ ಮೇಲೆ ವಯಸ್ಸು ಬರೆದಿಲ್ಲ. ಬೆಂಗಳೂರಿನ ಸೆಕೆಗೆ ಪೀಪಾಯಿಯಿಂದ ವರ್ಷಕ್ಕೆ ಹತ್ತರಲ್ಲೊಂದು ಪಾಲು ಹಾರಿಹೋಗುವಾಗ ಹದಿನೆಂಟು ವರ್ಷ ಕಾಯುತ್ತ ಕೂತರೆ ಉಳಿಯುವುದು ಕಟ್ಟಿಗೆ. ಪಂಡಿತ ಆ ಬಾಟಲಿಯನ್ನು ಸುತ್ತಲೂ ತಿರುಗಿಸಿ ಅಂಕಿ ಹುಡುಕುತ್ತಾನೆ, ಸಿಗುವುದಿಲ್ಲ, ‘ಲೋಕಲ್ ಮಾಲ್’ ಎಂದು ಪಕ್ಕಕ್ಕೆ ಸರಿಸುತ್ತಾನೆ. ಕಾಕಾ ಅದನ್ನು ಎಳೆದುಕೊಂಡು ಶೇಂಗಾದ ತಟ್ಟೆಯ ಪಕ್ಕ ಇಟ್ಟುಕೊಳ್ಳುತ್ತಾನೆ. “ಇದಕ್ಕರ ನೀರ್ ಹಾಕೋದು ನಡೀತದಲ್ಲಪಾ?”