ಏಳು ಕೆಜಿಯ ಸದ್ದು

ಬೆಂಗಳೂರು–ಜೈಪುರ ವಿಮಾನದ ಚೆಕ್‌ಇನ್ ಕೌಂಟರ್. ಚಿತ್ರೀಕರಣದ ಜಾಗದಲ್ಲೇ ಸದ್ದು ಹಿಡಿಯುವ ಸಿಂಕ್ ಸೌಂಡ್ ಹುಡುಗನ ಹೆಗಲಲ್ಲಿ ರೆಕಾರ್ಡರ್ ಚೀಲ, ಕೈಯಲ್ಲಿ ಮೈಕು ಸಿಕ್ಕಿಸುವ ಬೂಮ್ ಕೋಲು.

“ಸರ್, ಕ್ಯಾಬಿನ್‌ಗೆ 7 ಕೆಜಿ ಮಾತ್ರ. ಇದು 9. ಬ್ಯಾಟರಿ ತೆಗೆದು ಲಗೇಜಿಗೆ ಹಾಕಿ.”

“ಮೇಡಂ, ಬಿಡಿ ಲಿಥಿಯಂ ಬ್ಯಾಟರಿ ಲಗೇಜಿಗೆ ಹಾಕೋ ಹಾಗಿಲ್ಲ. ಕೆಳಗೆ ಬೆಂಕಿ ಹತ್ತಿದ್ರೆ ಆರಿಸೋರ್ಯಾರು? ನಿಮ್ಮ ಹಿಂದಿನ ಬೋರ್ಡಲ್ಲೇ ಇದೆ.”

“ಹಾಗಾದ್ರೆ ಕೈಯಲ್ಲೇ ಇರಲಿ. 7 ದಾಟಬಾರದು, ಅಷ್ಟೇ.”

ಬ್ಯಾಟರಿಗಳು ಕೋಟಿನ ಜೇಬು ಸೇರಿದವು. ತಕ್ಕಡಿ 7 ತೋರಿಸಿತು. ವಿಮಾನದ ಭಾರ ಒಂದು ಗ್ರಾಮೂ ಇಳಿಯಲಿಲ್ಲ; ನಿಯಮಕ್ಕೆ ಮಾತ್ರ ಸಮಾಧಾನವಾಯಿತು.

ಭದ್ರತಾ ತಪಾಸಣೆ. “ಈ ನಾಯಿಮರಿ ಏನ್ರೀ?”

“ಗಾಳಿ ಸದ್ದು ತಡೆಯೋ ತುಪ್ಪಳ ಸರ್, ಒಳಗೆ ಮೈಕು.”

“ಬ್ಯಾಟರಿ?”

“98 ವಾಟ್-ಅವರ್. 100 ದಾಟಿದ್ರೆ ತಾನೇ ವಿಮಾನ ಕಂಪನಿಯ ಒಪ್ಪಿಗೆ ಬೇಕಾಗೋದು?”

“ಸರಿ. ಈ ಕೋಲು ಬಿಡಲ್ಲ. ಲಗೇಜಿಗೆ ಹಾಕ್ಬನ್ನಿ.”

ಮತ್ತೆ ಕೌಂಟರ್. “ನಿಮ್ಮ 15 ಕೆಜಿ ಮುಗಿದಿದೆ ಸರ್. ಕೋಲನ್ನ ಕೈಯಲ್ಲೇ ತಗೊಂಡು ಹೋಗಬಾರದಾ?”