ಮನೆ ಸಿಗುತ್ತೆ, ನೀರು ಕೇಳಬೇಡಿ

ನಿವೃತ್ತರಿಗೆ ಎರಡು ಕಾಯಿಲೆ: ಒಂದು ಸಕ್ಕರೆ, ಇನ್ನೊಂದು ಸಣ್ಣ ಊರಲ್ಲೊಂದು ಮನೆ ಮಾಡುವ ಆಸೆ. ಮೊದಲನೆಯದಕ್ಕೆ ಮಾತ್ರೆಯುಂಟು, ಎರಡನೆಯದಕ್ಕೆ ಬ್ರೋಕರ್ ಮಾತ್ರ.

ಅರಸೀಕೆರೆಯಲ್ಲಿ ಅವನು ಮೊದಲು ತೋರಿಸುವುದು ಮನೆಯನ್ನಲ್ಲ, ರೈಲನ್ನು. "ಈ ಕಡೆ ಬೆಂಗಳೂರು, ಆ ಕಡೆ ಹುಬ್ಬಳ್ಳಿ, ಹಿಂಗೆ ಹೋದ್ರೆ ಹಾಸನ, ಮೈಸೂರು ಸಾರ್!" ಊರಿನ ದೊಡ್ಡ ಸೌಕರ್ಯವೇ ಊರು ಬಿಟ್ಟು ಹೋಗುವುದು ಅಂತಾಯಿತು. ನೀರಿನ ಮಾತೆತ್ತಿದರೆ ತೆಂಗಿನಮರದತ್ತ ಕೈ ತೋರಿಸುತ್ತಾನೆ. ಬೋರು ಕೈಕೊಟ್ಟರೆ ಎಳನೀರು ಇದೆಯಲ್ಲ! ಕೊಬ್ಬರಿ ರೇಟು ಏರಿದರೆ ಸೈಟೂ ಏರುತ್ತದೆ. ಕೊಬ್ಬರಿ ಇಳಿದಾಗ ಸೈಟಿಗೆ ಅದು ಗೊತ್ತೇ ಆಗುವುದಿಲ್ಲ.

ಹೊಳೆ ಬೇಕೆಂದರೆ ಬೇಲೂರು. ಯಗಚಿಯ ದಡ, 1117ರ ಚೆನ್ನಕೇಶವ ದೇಗುಲ. ಆದರೆ ದರ್ಪಣಸುಂದರಿಯನ್ನು ಕಂಡ ನನ್ನವಳು, "900 ವರ್ಷದಿಂದ ಕನ್ನಡಿ ಮುಂದೆ ನಿಂತಿದ್ದಾಳೆ, ಯಾರೂ ಬೇಗ ಬಾ ಅಂದಿಲ್ಲ ನೋಡಿ" ಎಂದಳು. ಆ ಊರು ನನಗೆ ಸರಿಹೋಗಲಿಲ್ಲ.

ಹಳೇಬೀಡಿನಲ್ಲಿ ಕಾನೂನೇ ವಾಸ್ತು. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸ ಕಟ್ಟಡಕ್ಕೆ ನಿಷೇಧ. ಅದರಾಚೆಯ 200 ಮೀಟರ್‌ಗೆ ಅನುಮತಿ ಬೇಕು. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಮೇಲಂತೂ ಗೋಡೆಗೆ ಮೊಳೆ ಹೊಡೆದರೂ ವಿಷ್ಣುವರ್ಧನ ಕೆಮ್ಮಿದಂತಾಗುತ್ತದೆ. ಒಂದೇ ಸಮಾಧಾನ: ಇಲ್ಲಿ ಹೊಯ್ಸಳೇಶ್ವರನ ನೆತ್ತಿಯ ಮೇಲೇ ಶಿಖರವಿಲ್ಲ. ದುಡ್ಡು ಮುಗಿದು ಮಹಡಿ ಅರ್ಧಕ್ಕೆ ನಿಂತರೆ, ನೆಂಟರ ಮುಂದೆ "ಹೊಯ್ಸಳ ಶೈಲಿ" ಎಂದರಾಯಿತು.