ಆಟಕ್ಕುಂಟು, ಲೆಕ್ಕಕ್ಕಿಲ್ಲ

ಅಮೆರಿಕದ ಬಡ ಬಡಾವಣೆಯ ಸರ್ಕಾರಿ ಶಾಲೆ ತಂದೆ ತಾಯಿಯಿಂದ ಹೆಚ್ಚೇನೂ ಕೇಳುವುದಿಲ್ಲ. ಫೀಸು ಬೇಡ, ಡೊನೇಷನ್ ಬೇಡ, ಶಿಫಾರಸು ಪತ್ರ ಬೇಡ. ಅದಕ್ಕೆ ಬೇಕಾದದ್ದು ಒಂದು ಸಹಿ. ಶಾಲೆ ತೆರೆದ ವಾರ ಮಗುವಿನ ಬ್ಯಾಗಿನಲ್ಲಿ ಮನೆಗೆ ಬರುವ ಕಾಗದದ ಕಟ್ಟನ್ನು ಬಿಚ್ಚಿ ನೋಡಿ. ಬಸ್ಸಿನ ನಿಯಮ, ಹೇನಿನ ಎಚ್ಚರಿಕೆ, ಫೋಟೋ ತೆಗೆಯಲು ಅನುಮತಿ, ಇವುಗಳ ನಡುವೆ 'ಶಾಲೆ ಮತ್ತು ಪೋಷಕರ ಕರಾರು' ಎಂಬ ಹಾಳೆಯೊಂದು ಮಲಗಿರುತ್ತದೆ. ದಿನಾ ರಾತ್ರಿ 20 ನಿಮಿಷ ಮಗುವಿಗೆ ಓದಿಸುತ್ತೇನೆ, ಹೊತ್ತಿಗೆ ಸರಿಯಾಗಿ ಮಲಗಿಸುತ್ತೇನೆ, ಹೋಂವರ್ಕ್ ನೋಡುತ್ತೇನೆ, ಬೆಳಗ್ಗೆ ತಡಮಾಡದೆ ಕಳುಹಿಸುತ್ತೇನೆ ಎಂದು ನೀವು ಬರೆದುಕೊಡಬೇಕು. ಶಾಲೆ ತನ್ನ ಪಾಲಿಗೆ 'ಉನ್ನತ ಗುಣಮಟ್ಟದ ಬೋಧನೆ'ಯನ್ನು 'ಪ್ರೋತ್ಸಾಹದಾಯಕ ವಾತಾವರಣ'ದಲ್ಲಿ ಒದಗಿಸುವುದಾಗಿ ಬರೆದುಕೊಡುತ್ತದೆ. ನಿಮ್ಮ ಭರವಸೆಗೆ ಗಡಿಯಾರವಿದೆ, ಶಾಲೆಯ ಭರವಸೆಗೆ ಬರೀ ವಿಶೇಷಣಗಳಿವೆ. ಎಷ್ಟೋ ಕಡೆ ಎರಡನೇ ತರಗತಿಯ ಮಗುವೂ ಸಹಿ ಹಾಕಬೇಕು. ಮೂವರಲ್ಲಿ ಕರಾರನ್ನು ಗಂಭೀರವಾಗಿ ತೆಗೆದುಕೊಳ್ಳುವುದು ಅದೊಂದೇ.

ಈ ಹಾಳೆ ಪ್ರಿನ್ಸಿಪಾಲರ ಹುಚ್ಚಾಟವಲ್ಲ, ಕೇಂದ್ರ ಸರ್ಕಾರದ ಕಾನೂನು. 'ಟೈಟಲ್ ಒನ್' ಎಂದು ಎಲ್ಲರ ಬಾಯಲ್ಲೂ ಓಡಾಡುವ ಯೋಜನೆ ಹುಟ್ಟಿದ್ದು 1965ರ ಏಪ್ರಿಲ್ 11ರಂದು. ಅಧ್ಯಕ್ಷ ಲಿಂಡನ್ ಜಾನ್ಸನ್ ಟೆಕ್ಸಾಸ್‌ನಲ್ಲಿ ತಾನು ಅಕ್ಷರ ಕಲಿತ ಹಳೆಯ ಶಾಲೆಯ ಅಂಗಳದಲ್ಲಿ ಕೂತು, ಪಕ್ಕದಲ್ಲಿ ತನ್ನ ಮೊದಲ ಟೀಚರಮ್ಮ ಕೇಟ್ ಡೆಡ್ರಿಕ್ ಲೋನಿಯವರನ್ನು ಕೂರಿಸಿಕೊಂಡು ಮಸೂದೆಗೆ ಸಹಿ ಹಾಕಿದರು. ರಾಜಕಾರಣಿಯೊಬ್ಬ ತನ್ನ ಮೇಷ್ಟ್ರನ್ನು ನೆನಪಿಟ್ಟುಕೊಂಡ ಅಪರೂಪದ ಪ್ರಸಂಗ ಅದು, ಮೆಚ್ಚಬೇಕು. ಬಡ ಮಕ್ಕಳು ಹೆಚ್ಚಿರುವ ಶಾಲೆಗೆ ಹೆಚ್ಚು ದುಡ್ಡು ಕೊಟ್ಟರೆ ಅವರೂ ಉಳಿದವರ ಸಮಕ್ಕೆ ಬರುತ್ತಾರೆ ಎಂಬುದು ಲೆಕ್ಕಾಚಾರ. ಸೆನೆಟರ್ ರಾಬರ್ಟ್ ಕೆನಡಿಗೆ ಮಾತ್ರ ಆಗಲೇ ಅನುಮಾನ ಬಂದಿತ್ತು. ಶಾಲೆಗಳ ಕೈಗೆ ಸುಮ್ಮನೆ ದುಡ್ಡು ಕೊಟ್ಟರೆ ಅದು ಎಲ್ಲಿ ಹೋಯಿತೆಂದು ಕೇಳುವವರು ಯಾರು? ಫಲಿತಾಂಶ ಅಳೆಯಿರಿ, ತಂದೆ ತಾಯಿಗೆ ತೋರಿಸಿ ಎಂದು ಆತ ಹಟ ಹಿಡಿದರು. ಅನುಮಾನ ನಿಜವಾಗಲು ತಡವಾಗಲಿಲ್ಲ. 1969ರಲ್ಲಿ ರೂಬಿ ಮಾರ್ಟಿನ್ ಮತ್ತು ಫಿಲಿಸ್ ಮೆಕ್ಲೂರ್ ಎಂಬ ಇಬ್ಬರು ಹೆಂಗಸರು ಲೆಕ್ಕದ ಪುಸ್ತಕ ತೆಗೆಸಿ ನೋಡಿದಾಗ, ಬಡ ಮಕ್ಕಳ ಹೆಸರಿನಲ್ಲಿ ಬಂದ ಹಣ ಎಷ್ಟೋ ಕಡೆ ಊರಿನ ಶಾಲೆಗಳ ಮಾಮೂಲಿ ಖರ್ಚಿಗೆ ಕರಗಿಹೋಗಿತ್ತು.

ಆ ಮೇಲೆ ಸರ್ಕಾರಕ್ಕೆ ಜ್ಞಾನೋದಯವಾಗಿ 1970ರ ದಶಕದಲ್ಲಿ ಪೋಷಕರ ಸಲಹಾ ಮಂಡಳಿ ಕಡ್ಡಾಯವಾಯಿತು. ಮಂಡಳಿಯಲ್ಲಿ ಕೂತವರು ನಿಜವಾಗಿ ಸಲಹೆ ಕೊಡಲು ಶುರುಮಾಡಿದರು. ಅದೇ ಅವರ ತಪ್ಪು. 1981ರಲ್ಲಿ ರೇಗನ್ ಸರ್ಕಾರ ಆ ಕಡ್ಡಾಯವನ್ನು ಕಿತ್ತುಹಾಕಿತು. 1988ರಲ್ಲಿ ಪೋಷಕರು ಕಾನೂನಿನೊಳಕ್ಕೆ ಮರಳಿ ಬಂದರು, ಆದರೆ ಕುರ್ಚಿ ಬರಲಿಲ್ಲ. 1994ರಲ್ಲಿ ಕುರ್ಚಿಯ ಬದಲು ಪೆನ್ನು ಕೊಟ್ಟರು: ಈ ಕರಾರು ಹುಟ್ಟಿದ್ದು ಆಗ. 2002ರಲ್ಲಿ 'ಯಾವ ಮಗುವೂ ಹಿಂದುಳಿಯಬಾರದು' ಕಾಯಿದೆ ಬಂತು, 2015ರಲ್ಲಿ 'ಪ್ರತಿ ವಿದ್ಯಾರ್ಥಿಯೂ ಯಶಸ್ವಿ' ಕಾಯಿದೆ ಬಂತು. ಹೆಸರಿನಲ್ಲೇ ಫಲಿತಾಂಶ ಘೋಷಿಸಿಬಿಟ್ಟರೆ ಮುಂದೆ ಪರೀಕ್ಷೆಯ ಗೊಡವೆ ಎಷ್ಟೋ ಕಡಿಮೆ.

ಇನ್ನು ವಾರ್ಷಿಕ ಸಭೆ. ಟೈಟಲ್ ಒನ್ ಶಾಲೆ ವರ್ಷಕ್ಕೊಮ್ಮೆ ಎಲ್ಲ ಪೋಷಕರನ್ನೂ ಕರೆದು ಯೋಜನೆ ಏನು, ನಿಮ್ಮ ಹಕ್ಕೇನು ಎಂದು ಹೇಳಬೇಕು, ಅದೂ ಪೋಷಕರಿಗೆ ಅನುಕೂಲವಾದ ಹೊತ್ತಿನಲ್ಲಿ. ಅನುಕೂಲವಾದ ಹೊತ್ತು ಯಾವುದೆಂದು ಯಾರನ್ನು ಕೇಳಬೇಕು? ಶಾಲೆ ತನ್ನನ್ನೇ ಕೇಳಿಕೊಂಡು ವಾರದ ನಡುವಿನ ಸಂಜೆ ನಾಲ್ಕು ಗಂಟೆ ಎಂದು ತೀರ್ಮಾನಿಸುತ್ತದೆ. ಕೋಳಿ ಕಾರ್ಖಾನೆಯ ಎರಡನೇ ಶಿಫ್ಟಿಗೆ ಹೊರಟವಳಿಗೂ, ಮೋಟೆಲಿನಲ್ಲಿ ಹಾಸಿಗೆ ಬದಲಿಸುತ್ತಿರುವವಳಿಗೂ, ಗಂಟೆಯ ಲೆಕ್ಕದಲ್ಲಿ ದುಡಿಯುವ ಅಡುಗೆಯವನಿಗೂ ಆ ಹೊತ್ತು ಬಲು ಅನುಕೂಲ, ಯಾಕೆಂದರೆ ಅವರು ಬರುವ ಪ್ರಶ್ನೆಯೇ ಇಲ್ಲ. ಬಂದ ಬೆರಳೆಣಿಕೆಯ ಮಂದಿಗೆ ಆರಿದ ಪೀಜಾ ಇರುತ್ತದೆ, ಪವರ್‌ಪಾಯಿಂಟ್ ಇರುತ್ತದೆ, ಕೊನೆಯಲ್ಲಿ ಲಕ್ಕಿ ಡ್ರಾ ಇರುತ್ತದೆ. 'ನಿಮ್ಮ ಹಕ್ಕುಗಳು' ಎಂಬ ಸ್ಲೈಡು ಬರುವ ಹೊತ್ತಿಗೆ ಮಕ್ಕಳು ಅಳತೊಡಗಿರುತ್ತವೆ. ಬಾಗಿಲಲ್ಲಿಟ್ಟ ಹಾಜರಿ ಪಟ್ಟಿಗೆ ಸಹಿ ಬಿದ್ದರೆ ಸಭೆ ಯಶಸ್ವಿ, ಏಕೆಂದರೆ ನಾಳೆ ತಪಾಸಣೆಗೆ ಬರುವವರು ಕೇಳುವುದು ಪಟ್ಟಿಯನ್ನು, ಮಾತನ್ನಲ್ಲ. ಬಾರದವರ ಬಗ್ಗೆ ಸ್ಟಾಫ್ ರೂಮಿನಲ್ಲಿ ಒಂದು ಷರಾ ಸಿದ್ಧವಾಗಿರುತ್ತದೆ: ಈ ಪೋಷಕರಿಗೆ ಮಕ್ಕಳ ಓದಿನಲ್ಲಿ ಆಸಕ್ತಿಯೇ ಇಲ್ಲ.

ತಮಾಷೆಯೆಂದರೆ ಕಾನೂನು ಇಷ್ಟು ದಡ್ಡನಲ್ಲ. ಬೆಳಗ್ಗೆ ಒಂದು, ಸಂಜೆ ಒಂದು ಎಂದು ಬೇರೆ ಬೇರೆ ಹೊತ್ತಿನಲ್ಲಿ ಸಭೆ ಇಡಿ ಎನ್ನುತ್ತದೆ. ಪೋಷಕರು ಬಂದು ಹೋಗುವ ಖರ್ಚು, ಅವರು ಕೂತಿರುವಷ್ಟು ಹೊತ್ತು ಮಕ್ಕಳನ್ನು ನೋಡಿಕೊಳ್ಳುವ ಖರ್ಚು, ಬರಲಾರದವರ ಮನೆಗೇ ಟೀಚರು ಹೋಗುವ ಖರ್ಚು, ಎಲ್ಲವನ್ನೂ ಇದೇ ದುಡ್ಡಿನಿಂದ ಕೊಡಬಹುದು ಎನ್ನುತ್ತದೆ. ಪೋಷಕರು ಕೇಳಿದರೆ ಮತ್ತೆ ಮತ್ತೆ ಸಭೆ ಕರೆಯಬೇಕು, ಅವರ ಸಲಹೆಗೆ ಆದಷ್ಟು ಬೇಗ ಉತ್ತರಿಸಬೇಕು ಎನ್ನುತ್ತದೆ. ಮಗುವಿಗೆ ಪಾಠ ಹೇಳುವವರ ವಿದ್ಯಾರ್ಹತೆ ಏನೆಂದು ಕೇಳುವ ಹಕ್ಕಿದೆ. ತರಗತಿಯಲ್ಲಿ ಕೂತು ಪಾಠ ನೋಡುವ ಅವಕಾಶವಿರಬೇಕು ಎಂದು ಕರಾರಿನಲ್ಲೇ ಬರೆಯಬೇಕು. ಇಷ್ಟೆಲ್ಲ ಇರುವ ಕಾಯಿದೆಯಿಂದ ಎಷ್ಟೋ ಶಾಲೆಗಳು ಹೆಕ್ಕಿಕೊಂಡದ್ದು ಫ್ರಿಜ್ಜಿಗೆ ಅಂಟಿಸುವ ಮ್ಯಾಗ್ನೆಟ್ಟನ್ನು. ಅದರ ಮೇಲೆ 'ನೀವೇ ಮಗುವಿನ ಮೊದಲ ಗುರು' ಎಂದು ಬರೆದಿರುತ್ತದೆ. ಮೊದಲ ಗುರುವಿಗೆ ಬಜೆಟ್ ತೋರಿಸುವ ಸಂಪ್ರದಾಯವಿಲ್ಲ.

ಬಜೆಟ್ಟಿನ ಮಾತಿಗೆ ಬಂದೆವಲ್ಲ, ಸ್ವಲ್ಪ ನಿಲ್ಲೋಣ. ಟೈಟಲ್ ಒನ್‌ಗೆ ಕೇಂದ್ರ ಸರ್ಕಾರ ಈಗ ವರ್ಷಕ್ಕೆ ಸುಮಾರು 1,800 ಕೋಟಿ ಡಾಲರ್ ಕೊಡುತ್ತದೆ. ಹಣ ಹಂಚುವುದಕ್ಕೆ ಒಂದಲ್ಲ, ನಾಲ್ಕು ಸೂತ್ರಗಳಿವೆ. ನಾಲ್ಕೂ ಸೇರಿ, ಬಡತನ ಕಡಿಮೆಯಿರುವ ಸ್ಕೂಲ್ ಡಿಸ್ಟ್ರಿಕ್ಟುಗಳಿಗೂ (ಊರಿನ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತಗಳಿಗೂ) ಪಾಲು ಹೋಗುವಂತೆ, ಸಣ್ಣ ರಾಜ್ಯದ ಬಡ ಮಗುವಿಗೆ ದೊಡ್ಡ ರಾಜ್ಯದ ಬಡ ಮಗುವಿಗಿಂತ ಹೆಚ್ಚು ಸಿಗುವಂತೆ ನೋಡಿಕೊಳ್ಳುತ್ತವೆ. ದೇಶದ ಡಿಸ್ಟ್ರಿಕ್ಟುಗಳಲ್ಲಿ ಬಹುಪಾಲಿಗೆ ಈ ದುಡ್ಡು ಬರುತ್ತದೆ. ಹಾಗೆ ಎಲ್ಲರಿಗೂ ಬಂದರೆ ತಾನೇ ಸಂಸತ್ತಿನಲ್ಲಿ ಮಸೂದೆ ಪಾಸಾಗುವುದು?

ಇದರಲ್ಲಿ ಪೋಷಕರದ್ದೇ ಎಂದು ಮೀಸಲಿಟ್ಟ ಪಾಲೊಂದಿದೆ. ಐದು ಲಕ್ಷ ಡಾಲರಿಗಿಂತ ಹೆಚ್ಚು ಪಡೆಯುವ ಡಿಸ್ಟ್ರಿಕ್ಟು ಕನಿಷ್ಠ ಶೇಕಡಾ 1ರಷ್ಟನ್ನು ಪೋಷಕರನ್ನು ಒಳಗೊಳ್ಳುವ ಕೆಲಸಕ್ಕೆ ಎತ್ತಿಡಬೇಕು, ಅದರಲ್ಲಿ ಶೇಕಡಾ 90ನ್ನು ಶಾಲೆಗಳಿಗೆ ಕೊಡಬೇಕು. ಹತ್ತು ಲಕ್ಷ ಬರುವ ಡಿಸ್ಟ್ರಿಕ್ಟಿನಲ್ಲಿ ಅದು ಹತ್ತು ಸಾವಿರ, ಶಾಲೆಗಳಿಗೆ ಒಂಬತ್ತು ಸಾವಿರ. ಐದು ಶಾಲೆಗಳಿದ್ದು ಸಮನಾಗಿ ಹಂಚಿದರೆ ತಲಾ 1,800 ಡಾಲರ್. ಶ್ರೀಮಂತ ಬಡಾವಣೆಯ ಪೋಷಕರ-ಶಿಕ್ಷಕರ ಸಂಘ (ಪಿಟಿಎ) ಒಂದು ಸಂಜೆಯ ಹರಾಜಿನಲ್ಲಿ ಇದಕ್ಕಿಂತ ಹೆಚ್ಚು ಎತ್ತುತ್ತದೆ, ಎತ್ತಿದ ಹಣ ಎಲ್ಲಿ ಹೋಗಬೇಕೆಂದು ಪ್ರಿನ್ಸಿಪಾಲರಿಗೆ ನೇರವಾಗಿ ಹೇಳುತ್ತದೆ ಕೂಡ. ಬಡ ಶಾಲೆಯ ಪೋಷಕರಿಗೆ ಅದೇ ಅಧಿಕಾರವನ್ನು ಕಾನೂನೇ ಕೊಟ್ಟಿದೆ: ಶೇಕಡಾ 1ನ್ನು ಹೇಗೆ ಖರ್ಚುಮಾಡಬೇಕೆಂಬ ತೀರ್ಮಾನದಲ್ಲಿ ಅವರು ಇರಲೇಬೇಕು. ಇರಲೇಬೇಕಾದವರು ಮಲಗಿದ ಮಗುವಿನ ಪಕ್ಕ ಕೂತು ಕರಾರಿನಂತೆ 20 ನಿಮಿಷ ಎಣಿಸುತ್ತಿದ್ದಾರೆ.

ಅಲ್ಲಿರುವ ನಮ್ಮ ಕನ್ನಡದವರ ಕತೆ ಹೇಳದೆ ಬಿಟ್ಟರೆ ಪಕ್ಷಪಾತವಾದೀತು. ಮನೆ ಕೊಳ್ಳಲು ಹೊರಟ ನಮ್ಮ ಸಾಫ್ಟ್‌ವೇರ್ ಬಂಧುವಿಗೆ ವಾಸ್ತು ಆಮೇಲೆ, ಮೊದಲು ಶಾಲೆಯ ರೇಟಿಂಗು. ಹತ್ತಕ್ಕೆ ಒಂಬತ್ತು ಇದ್ದರೆ ಅಡುಗೆಮನೆ ಯಾವ ದಿಕ್ಕಿಗಿದ್ದರೂ ನಡೆಯುತ್ತದೆ. ಕನ್ನಡ ಸಂಘದ ಯುಗಾದಿ ಊಟದಲ್ಲಿ "ನಿಮ್ಮ ಮಕ್ಕಳ ಸ್ಕೂಲು ಯಾವುದು?" ಎಂದು ಕೇಳಿದಾಗ "ಟೈಟಲ್ ಒನ್ ರೀ" ಎಂದು ಹೇಳಿ ನೋಡಿ. ಎದುರಿನವರು ತಟ್ಟೆಯ ಕೋಸಂಬರಿಯಲ್ಲಿ ತೀವ್ರ ಆಸಕ್ತಿ ತಳೆಯುತ್ತಾರೆ. ಪಾಪ, ಹಾಗೆ ಹೇಳುವವರೂ ನಮ್ಮಲ್ಲಿದ್ದಾರೆ: ಅಸಿಸ್ಟೆಂಟ್‌ಶಿಪ್ಪಿನ ಸಂಬಳದಲ್ಲಿ ಪಿಎಚ್‌ಡಿ ಮಾಡುತ್ತ ಮಕ್ಕಳನ್ನೂ ಸಾಕುವವರು, ಗ್ಯಾಸ್ ಸ್ಟೇಷನ್ನಿನ ಕೌಂಟರಿನಲ್ಲಿ ನಿಲ್ಲುವವರು. ಆದರೆ ಅವರು ಶಾಲೆಯ ಸಭೆಯಲ್ಲಿ ಎದ್ದು ನಿಂತು ಮಾತಾಡುವುದಿಲ್ಲ. ವೀಸಾ ನೆನಪಾಗುತ್ತದೆ. ಇವರಲ್ಲೇ ಕೆಲವರ ಅಪ್ಪಂದಿರು ಊರಿನ ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯಲ್ಲಿ ಗುಡುಗಿದವರು. ಆ ಸಮಿತಿಗಳ ರಾಜಕೀಯ, ಅಧ್ಯಕ್ಷಗಿರಿಯ ಜಗಳ ಎಲ್ಲರಿಗೂ ಗೊತ್ತಿರುವುದೇ. ಆದರೂ 2009ರ ಶಿಕ್ಷಣ ಹಕ್ಕು ಕಾಯಿದೆ ಶಾಲಾ ಸಮಿತಿಯ ನಾಲ್ಕರಲ್ಲಿ ಮೂರು ಪಾಲು ತಂದೆ ತಾಯಿ ಅಥವಾ ಪಾಲಕರೇ ಇರಬೇಕು ಎಂದಿತು. ಜಗಳಕ್ಕೂ ಒಂದು ಕುರ್ಚಿ ಬೇಕಲ್ಲ, ನಮ್ಮಲ್ಲಿ ಅದಾದರೂ ಇದೆ. ಜಗತ್ತಿಗೆ ಪ್ರಜಾಪ್ರಭುತ್ವದ ಪಾಠ ಹೇಳುವ ದೇಶದಲ್ಲಿ ಪೀಜಾ ಇದೆ.

ಟೀಚರುಗಳನ್ನು ಬಯ್ಯುವುದು ಸುಲಭ, ನ್ಯಾಯವಲ್ಲ. ತುಂಬಿದ ತರಗತಿ ಬಿಟ್ಟು ಅವರು ತುಂಬುವ ಫಾರಂಗಳನ್ನು ನೋಡಿದರೆ ಕರುಣೆ ಬರುತ್ತದೆ, ಈ ಕರಾರಿನ ಹಾಳೆಯೂ ಅವರ ತಲೆಯ ಮೇಲೆ ಬಂದು ಬಿದ್ದದ್ದೇ. ದೋಷವಿರುವುದು, ಪೋಷಕರನ್ನು ಫೈಲಿನ ಒಂದು ಪುಟವಾಗಿ ಕಾಣುವ ಡಿಸ್ಟ್ರಿಕ್ಟ್ ಕಚೇರಿಯಲ್ಲಿ. ಮೇಲಿನವರಂತೂ ಇನ್ನೂ ಒಂದು ಹೆಜ್ಜೆ ಮುಂದೆ. 2025ರ ಮಾರ್ಚಿನಲ್ಲಿ ಅಧ್ಯಕ್ಷ ಟ್ರಂಪ್ ಶಿಕ್ಷಣ ಇಲಾಖೆಯನ್ನೇ ಮುಚ್ಚುವ ದಾರಿ ಹಿಡಿಯಿರಿ ಎಂದು ಆದೇಶ ಹೊರಡಿಸಿದರು. ಅದೇ ತಿಂಗಳು ಇಲಾಖೆಯ ಹೆಚ್ಚುಕಡಿಮೆ ಅರ್ಧದಷ್ಟು ಸಿಬ್ಬಂದಿಗೆ ಮನೆಯ ದಾರಿ ತೋರಿಸಲಾಯಿತು. ನವೆಂಬರಿನಲ್ಲಿ ಟೈಟಲ್ ಒನ್ ಸೇರಿದಂತೆ ಶಾಲಾ ಯೋಜನೆಗಳ ಆಡಳಿತವನ್ನು ಕಾರ್ಮಿಕ ಇಲಾಖೆಯ ಕೈಗೆ ದಾಟಿಸುವ ಒಪ್ಪಂದ ಹೊರಬಿತ್ತು. ಬಡವರ ಮಕ್ಕಳು ಎಲ್ಲಿಗೆ ಹೋಗಿ ಸೇರುತ್ತಾರೆಂದು ಇಷ್ಟು ಮುಂಚಿತವಾಗಿ, ಇಷ್ಟು ಪ್ರಾಮಾಣಿಕವಾಗಿ ಹೇಳಿದ ಸರ್ಕಾರ ಇನ್ನೊಂದಿಲ್ಲ.

ಆದರೆ ಇಲಾಖೆ ಯಾವುದಾದರೂ ಕಾನೂನು ಇನ್ನೂ ಹಾಗೇ ಇದೆ, ಸಂಸತ್ತು ಅದನ್ನು ತೆಗೆದಿಲ್ಲ. ಹಾಗಾಗಿ ಆ ದೇಶದಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಲ್ಲಿ ಒಂದು ವಿನಂತಿ. ಮುಂದಿನ ಸಲ ಹಾಳೆ ಬಂದಾಗ ಸಹಿ ಧಾರಾಳವಾಗಿ ಹಾಕಿ, ಜೊತೆಗೆ ಎರಡು ಸಾಲು ಬರೆದು ಕಳುಹಿಸಿ: ನಮ್ಮ ಶೇಕಡಾ 1 ಎಷ್ಟು ಬಂತು, ಯಾರ ತೀರ್ಮಾನದಿಂದ ಯಾತಕ್ಕೆ ಖರ್ಚಾಯಿತು? ಮುಂದಿನ ಸಭೆಯನ್ನು ಎರಡನೇ ಶಿಫ್ಟಿನವರೂ ಬರುವ ಹೊತ್ತಿಗೆ ಯಾವಾಗ ಇಡುತ್ತೀರಿ? ಪಕ್ಕದ ಮನೆಯ ಮೆಕ್ಸಿಕೊದ ತಾಯಿಯೂ ಇದನ್ನೇ ಬರೆಯಲಿ, ಮೇಲಿನ ಮಹಡಿಯ ಸೊಮಾಲಿಯಾದ ತಂದೆಯೂ ಬರೆಯಲಿ. ಇಡೀ ಶಾಲೆಗೆ ಟೈಟಲ್ ಒನ್ ಯೋಜನೆ ಮಾಡಿದ ಕಡೆ, ಆ ಯೋಜನೆ ಸರಿಯಿಲ್ಲ ಅನ್ನಿಸಿದರೆ ಅದನ್ನೂ ಬರೆದುಕೊಡಿ. ಯೋಜನೆಯನ್ನು ಡಿಸ್ಟ್ರಿಕ್ಟಿಗೆ ಸಲ್ಲಿಸುವಾಗ ಪೋಷಕರ ಆಕ್ಷೇಪಣೆಯನ್ನೂ ಅದರ ಜೊತೆಗೆ ಕಳುಹಿಸಬೇಕೆಂದು ಕಾಯಿದೆಯಲ್ಲೇ ಬರೆದಿದೆ.